ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ಗೆ: ಅಮೆರಿಕದ ಪ್ರಜಾಪ್ರಭುತ್ವ ಹುಟ್ಟಿದ ಕೋಣೆಗಳ ದಾರಿಯಲ್ಲಿ

ಈ ಪ್ರವಾಸವನ್ನು ಗುರುವಾರವೇ ಶುರು ಮಾಡುವುದು ಒಳ್ಳೆಯದು. ಫಿಲಡೆಲ್ಫಿಯಾದ ಸಂವಿಧಾನ ಕೇಂದ್ರ ಸಾಮಾನ್ಯವಾಗಿ ಸೋಮವಾರ, ಮಂಗಳವಾರ ತೆರೆಯುವುದಿಲ್ಲ. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಶನಿವಾರ, ಭಾನುವಾರ ರಜೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜೆಫರ್ಸನ್ ಕಟ್ಟಡ ಭಾನುವಾರ, ಸೋಮವಾರ ಮುಚ್ಚಿರುತ್ತದೆ. ಆದ್ದರಿಂದ ಗುರುವಾರ, ಶುಕ್ರವಾರ ಫಿಲಡೆಲ್ಫಿಯಾ, ಶನಿವಾರ ಅನಾಪೊಲಿಸ್, ಭಾನುವಾರ ವರ್ಜೀನಿಯಾದ ಮಾಂಟ್‌ಪೀಲಿಯರ್, ಸೋಮವಾರ, ಮಂಗಳವಾರ ವಾಷಿಂಗ್ಟನ್ ಎಂದು ಜೋಡಿಸಿಕೊಳ್ಳಿ. ಅಮೆರಿಕದ ಬಜೆಟ್ ಸಮಯಕ್ಕೆ ಪಾಸಾಗದೆ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದರೆ ಇವುಗಳಲ್ಲಿ ಹಲವು ಒಟ್ಟಿಗೇ ಮುಚ್ಚುತ್ತವೆ. ಹೊರಡುವ ಹಿಂದಿನ ವಾರ ಒಮ್ಮೆ ವಿಚಾರಿಸಿಕೊಳ್ಳಲೇಬೇಕು.

ಹೆಚ್ಚಿನವರು ನೇರ ವಾಷಿಂಗ್ಟನ್ನಿಗೇ ಹೋಗುತ್ತಾರೆ. ಅಲ್ಲಿ ಕಾಣುವುದು ಗುಮ್ಮಟ, ಕಂಬ, ಅಮೃತಶಿಲೆ. ಎಲ್ಲವೂ ಮೊದಲೇ ತೀರ್ಮಾನವಾಗಿತ್ತೇನೋ ಎನ್ನಿಸುವ ಕಟ್ಟಡಗಳು. ವಾಗ್ವಾದ ನಡೆದದ್ದು ಬೇರೆ ಕಡೆ. ಆಳುವವರ ಅಧಿಕಾರಕ್ಕೆ ಜನರ ಒಪ್ಪಿಗೆಯೇ ಮೂಲ ಎಂದು 1776ರಲ್ಲಿ ಘೋಷಿಸಿದ ಕೋಣೆಯಲ್ಲೇ, ಹನ್ನೊಂದು ವರ್ಷ ಕಳೆದ ಮೇಲೆ, ಆ ಜನರ ಬಹುಮತಕ್ಕೂ ಕಡಿವಾಣ ಬೇಕು ಎಂಬ ಲೆಕ್ಕದಲ್ಲಿ ಸರ್ಕಾರ ಕಟ್ಟಿದರು. ಈ ಎಳೆದಾಟವೇ ಅಮೆರಿಕದ ಆಡಳಿತದ ಬುನಾದಿ. ಅದು ನಡೆದ ಕ್ರಮದಲ್ಲೇ ಊರುಗಳನ್ನು ನೋಡುತ್ತ ಬಂದರೆ ವಾಷಿಂಗ್ಟನ್ನಿನ ಕಟ್ಟಡಗಳಿಗೂ ಅರ್ಥ ಬರುತ್ತದೆ.

ಮೊದಲ ದಿನ, ಗುರುವಾರ: ಇಂಡಿಪೆಂಡೆನ್ಸ್ ಹಾಲ್

ಫಿಲಡೆಲ್ಫಿಯಾ ವಿಮಾನ ನಿಲ್ದಾಣದಿಂದ ಸೆಪ್ಟಾ ರೈಲು ಹಿಡಿದು ಜೆಫರ್ಸನ್ ಸ್ಟೇಷನ್‌ನಲ್ಲಿ ಇಳಿಯಿರಿ. ಮಾರ್ಕೆಟ್ ಸ್ಟ್ರೀಟಿನಲ್ಲಿ ಪೂರ್ವಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಸಾಕು. ಇಂಡಿಪೆಂಡೆನ್ಸ್ ಹಾಲ್ ನೋಡಲು ದುಡ್ಡಿಲ್ಲ, ಆದರೆ ಸಮಯ ನಮೂದಿಸಿದ ಟಿಕೆಟ್ ಬೇಕು. ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ತಲೆಗೆ 1 ಡಾಲರ್ ಶುಲ್ಕ ಕೊಟ್ಟು ಕಾದಿರಿಸಬೇಕು. ಇಲ್ಲಿ ಬಹಳ ಜನ ಎಡವುವುದು ಸಮಯದ ವಿಷಯದಲ್ಲಿ. ಟಿಕೆಟ್ಟಿನಲ್ಲಿ ಇರುವುದು ಒಳಗಿನ ವಿವರಣೆ ಶುರುವಾಗುವ ಹೊತ್ತು. ಅದಕ್ಕೂ ಮೊದಲು ಭದ್ರತಾ ತಪಾಸಣೆಯ ಸಾಲು ದಾಟಬೇಕು, ಬೇಸಿಗೆಯಲ್ಲಿ ಆ ಸಾಲು ಉದ್ದ. ಅರ್ಧ ಗಂಟೆ ಮುಂಚೆ ಹೋಗಿ. ಲಿಬರ್ಟಿ ಬೆಲ್ ಇರುವ ಕಟ್ಟಡಕ್ಕೆ ಟಿಕೆಟ್ ಬೇಡ, ಆದರೆ ತಪಾಸಣೆ ಬೇರೆಯೇ. ಹೊತ್ತಿಲ್ಲದಿದ್ದರೆ ಗಂಟೆಯನ್ನು ಹೊರಗಿನಿಂದ ಗಾಜಿನ ಮೂಲಕವೂ ನೋಡಬಹುದು.

ಒಳಗೆ ಹೋದ ಕೂಡಲೇ ಗಮನಿಸಬೇಕಾದ್ದು ನಡುಮನೆಯ ಎರಡು ಬದಿಗಳನ್ನು. ಒಂದು ಕಡೆ ಪೆನ್ಸಿಲ್ವೇನಿಯಾದ ಹಳೆಯ ನ್ಯಾಯಾಲಯ. ಅದಕ್ಕೆ ಬಾಗಿಲಿಲ್ಲ, ತೆರೆದ ಕಮಾನುಗಳು. ವಿಚಾರಣೆಯನ್ನು ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಎದುರು ಬದಿಯ ಸಭಾ ಕೋಣೆಗೆ ಬಾಗಿಲುಂಟು. 1787ರ ಬೇಸಿಗೆಯಲ್ಲಿ ಸಂವಿಧಾನ ರಚಿಸಲು ಸೇರಿದವರು ಆ ಬಾಗಿಲು ಮುಚ್ಚಿ, ಕಾವಲು ನಿಲ್ಲಿಸಿ, ಒಳಗಿನ ಮಾತು ಹೊರಗೆ ಆಡುವುದಿಲ್ಲ ಎಂಬ ನಿಯಮ ಮಾಡಿಕೊಂಡಿದ್ದರು. ಗುಟ್ಟಾಗಿ ಕೂತದ್ದಕ್ಕೆ ಕಾರಣವಿತ್ತು: ಇವತ್ತು ಹೇಳಿದ್ದನ್ನು ನಾಳೆ ಬದಲಿಸಿಕೊಳ್ಳಲು ಪ್ರತಿನಿಧಿಗಳಿಗೆ ಅವಕಾಶ ಇರಬೇಕಿತ್ತು. ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ದಿನದಿನವೂ ಬರೆದಿಟ್ಟುಕೊಂಡ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ.

ಸಭಾ ಕೋಣೆ ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಸಿರು ಬಟ್ಟೆ ಹಾಸಿದ ಮೇಜುಗಳು ರಾಜ್ಯವಾರು ಇವೆ. ಮುಂದೆ ಎತ್ತರದಲ್ಲಿ ಜಾರ್ಜ್ ವಾಷಿಂಗ್ಟನ್ ಕೂತ ಕುರ್ಚಿ. 1779ರಲ್ಲಿ ಮಾಡಿದ ಆ ಕುರ್ಚಿ ಮೂಲದ್ದೇ, ಅದರ ಬೆನ್ನಿನಲ್ಲಿ ಅರ್ಧ ಸೂರ್ಯನ ಕೆತ್ತನೆ ಇದೆ. 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಸಹಿ ಹಾಕುವ ದಿನ ಅದನ್ನು ತೋರಿಸಿ, ಇದು ಮುಳುಗುವ ಸೂರ್ಯನಲ್ಲ, ಹುಟ್ಟುವ ಸೂರ್ಯ ಎಂದದ್ದು ಮ್ಯಾಡಿಸನ್ ಟಿಪ್ಪಣಿಯಲ್ಲಿದೆ.

ಇದೇ ಕೋಣೆಯಲ್ಲಿ 1776ರ ಜುಲೈ 2ರಂದು ಸ್ವಾತಂತ್ರ್ಯದ ನಿರ್ಣಯಕ್ಕೆ ಮತ ಬಿತ್ತು, ಜುಲೈ 4ರಂದು ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿತು, ಜುಲೈ 8ರಂದು ಹಿಂದಿನ ಅಂಗಳದಲ್ಲಿ ಜನರೆದುರು ಓದಿದರು. ಹೆಚ್ಚಿನ ಸಹಿಗಳು ಬಿದ್ದದ್ದು ಆಗಸ್ಟ್ 2ರಂದು. ಕರಡು ಬರೆದ ಥಾಮಸ್ ಜೆಫರ್ಸನ್‌ಗೆ ಆಗ 33 ವರ್ಷ. ಜೀವ, ಸ್ವಾತಂತ್ರ್ಯ, ಆಸ್ತಿ ಇವು ಸರ್ಕಾರ ಕೊಟ್ಟ ಹಕ್ಕುಗಳಲ್ಲ, ಸರ್ಕಾರಕ್ಕಿಂತ ಮೊದಲೇ ಮನುಷ್ಯನಿಗೆ ಇರುವಂಥವು ಎಂದು ಇಂಗ್ಲೆಂಡಿನ ಜಾನ್ ಲಾಕ್ ಒಂದು ಶತಮಾನದ ಹಿಂದೆ ವಾದಿಸಿದ್ದರು. ಜೆಫರ್ಸನ್ ಆ ಪಟ್ಟಿಯಲ್ಲಿ ಆಸ್ತಿಯ ಜಾಗದಲ್ಲಿ ಸುಖದ ಅನ್ವೇಷಣೆಯನ್ನು ಇಟ್ಟರು. ಉಳಿದ ತರ್ಕ ಲಾಕ್ ಅವರದೇ: ಹಕ್ಕು ಕಾಯಲೆಂದು ಜನ ಸರ್ಕಾರ ಮಾಡಿಕೊಳ್ಳುತ್ತಾರೆ, ಅದಕ್ಕೆ ಬಲ ಬರುವುದು ಅವರ ಒಪ್ಪಿಗೆಯಿಂದ, ಕಾಯದಿದ್ದರೆ ಅದನ್ನು ಬದಲಿಸುವ ಹಕ್ಕೂ ಅವರದೇ. ಗುಲಾಮರ ವ್ಯಾಪಾರವನ್ನು ಖಂಡಿಸಿ ಕರಡಿನಲ್ಲಿದ್ದ ಭಾಗವನ್ನು ಕಾಂಗ್ರೆಸ್, ಅಂದರೆ ಅಲ್ಲಿ ಸೇರಿದ್ದ ಪ್ರತಿನಿಧಿಗಳ ಸಭೆ, ಹೊಡೆದುಹಾಕಿತು.

ತಪಾಸಣೆಯ ಆವರಣದಿಂದ ಹೊರಬೀಳುವ ಮೊದಲು ಪಶ್ಚಿಮದ ರೆಕ್ಕೆಯಲ್ಲಿರುವ ದಾಖಲೆಗಳ ಕೋಣೆ ಮತ್ತು ಪಕ್ಕದ ಕಾಂಗ್ರೆಸ್ ಹಾಲ್ ಎರಡನ್ನೂ ಮುಗಿಸಿಕೊಳ್ಳಿ, ಮತ್ತೆ ಸಾಲು ನಿಲ್ಲುವುದು ತಪ್ಪುತ್ತದೆ. ಕಾಂಗ್ರೆಸ್ ಹಾಲ್‌ನಲ್ಲಿ 1790ರಿಂದ 1800ರವರೆಗೆ ಕೆಳಗೆ ಪ್ರತಿನಿಧಿ ಸಭೆ, ಮಹಡಿಯಲ್ಲಿ ಸೆನೆಟ್ ನಡೆಯುತ್ತಿದ್ದವು. 1797ರ ಮಾರ್ಚ್ 4ರಂದು ಜಾನ್ ಆಡಮ್ಸ್ ಪ್ರಮಾಣವಚನ ತೆಗೆದುಕೊಂಡದ್ದು ಕೆಳಗಿನ ಕೋಣೆಯಲ್ಲಿ. ಅಧಿಕಾರ ಬಿಟ್ಟುಕೊಡುತ್ತಿದ್ದ ವಾಷಿಂಗ್ಟನ್ ಅಲ್ಲೇ ಇದ್ದರು.

ಸಂಜೆಗೆ ಆರನೇ ಬೀದಿ, ಮಾರ್ಕೆಟ್ ಸ್ಟ್ರೀಟ್ ಸೇರುವ ಮೂಲೆಗೆ ಹೋಗಿ. ಅಧ್ಯಕ್ಷರ ಮನೆ ಇದ್ದ ಜಾಗ ಅದು. ತೆರೆದ ಬಯಲು, ತಪಾಸಣೆಯಿಲ್ಲ. ವಾಷಿಂಗ್ಟನ್ ಇಲ್ಲಿ ಒಂಬತ್ತು ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯಾದ 1780ರ ಕಾನೂನಿನ ಪ್ರಕಾರ ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಇಲ್ಲಿ ವಾಸವಿದ್ದರೆ ಬಿಡುಗಡೆ ಕೇಳಬಹುದಿತ್ತು. ಅವಧಿ ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿಯಾಚೆ ಕಳಿಸಿ, ಮತ್ತೆ ಕರೆಸಿಕೊಳ್ಳಲಾಗುತ್ತಿತ್ತು. 1796ರಲ್ಲಿ ಓನಿ ಜಡ್ಜ್ ಎಂಬ ಯುವತಿ ಈ ಮನೆಯಿಂದ ತಪ್ಪಿಸಿಕೊಂಡು ಹೋದವಳು ಮತ್ತೆ ವಾಷಿಂಗ್ಟನ್ ಕೈಗೆ ಸಿಗಲಿಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಿಸಿದ ಕೋಣೆಯಿಂದ ಇಲ್ಲಿಗೆ ಕೆಲವೇ ನಿಮಿಷದ ನಡಿಗೆ. ಇದನ್ನು ನೋಡದೆ ಫಿಲಡೆಲ್ಫಿಯಾ ನೋಡಿದಂತಾಗುವುದಿಲ್ಲ.

ಎರಡನೇ ದಿನ, ಶುಕ್ರವಾರ: 42 ಕಂಚಿನ ಮೂರ್ತಿಗಳ ನಡುವೆ

ಆರ್ಚ್ ಸ್ಟ್ರೀಟಿನ ಸಂವಿಧಾನ ಕೇಂದ್ರಕ್ಕೆ ಟಿಕೆಟ್ ಕೊಳ್ಳಬೇಕು. ಬೆಳಗ್ಗೆ ಹತ್ತಕ್ಕೇ ಹೋದರೆ ಶಾಲಾ ಮಕ್ಕಳ ಗುಂಪುಗಳಿಗಿಂತ ಮೊದಲು ಮೂರ್ತಿಗಳ ಕೋಣೆ ಸೇರಬಹುದು. ಇಲ್ಲಿ ಆಳೆತ್ತರದ 42 ಕಂಚಿನ ಮೂರ್ತಿಗಳಿವೆ: ಸಹಿ ಹಾಕಿದ 39 ಮಂದಿ, ಕೊನೆಯ ದಿನ ಅಲ್ಲಿದ್ದೂ ಸಹಿ ಹಾಕಲು ಒಲ್ಲೆ ಎಂದ ಮೂವರು. ಆ ಮೂವರನ್ನು ಮೊದಲು ಹುಡುಕಿ: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್, ಎಲ್ಬ್ರಿಜ್ ಗೆರಿ. ಪ್ರಜೆಯ ಹಕ್ಕುಗಳ ಪಟ್ಟಿ ಇಲ್ಲ ಎಂಬುದು ಮೇಸನ್ ಅವರ ದೊಡ್ಡ ದೂರು. 1776ರಲ್ಲೇ ವರ್ಜೀನಿಯಾಕ್ಕೆ ಅಂಥ ಪಟ್ಟಿ ಬರೆದುಕೊಟ್ಟವರು ಅವರು. ಸೆಪ್ಟೆಂಬರ್ 12ರಂದು ಅದನ್ನು ಸೇರಿಸುವ ಮಾತು ಬಂದಾಗ ಒಂದು ರಾಜ್ಯವೂ ಪರವಾಗಿ ನಿಲ್ಲಲಿಲ್ಲ.

ಹೊಸ ಸಂವಿಧಾನ ಯಾಕೆ ಬೇಕಾಯಿತು? ಹಳೆಯ ಒಕ್ಕೂಟದ ಒಪ್ಪಂದದಲ್ಲಿ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ರಾಜ್ಯಗಳ ಮುಂದೆ ಕೈಯೊಡ್ಡಬೇಕಿತ್ತು. ತಿದ್ದಲು ಹದಿಮೂರೂ ರಾಜ್ಯಗಳು ಒಪ್ಪಬೇಕು. ಆಮದು ಸರಕಿನ ಮೇಲೆ ಶೇ 5 ಸುಂಕ ಹಾಕುವ ಪ್ರಸ್ತಾವವನ್ನು ಪುಟ್ಟ ರೋಡ್ ಐಲೆಂಡ್ ಒಂದೇ ನಿಂತು ಬೀಳಿಸಿತ್ತು. 1787ರ ಸಭೆಗೂ ಅದು ಯಾರನ್ನೂ ಕಳಿಸಲಿಲ್ಲ.

ಮೇ 29ರಂದು ರಾಂಡಾಲ್ಫ್ ಮಂಡಿಸಿದ ವರ್ಜೀನಿಯಾ ಯೋಜನೆಯಲ್ಲಿ ಎರಡು ಸದನಗಳಲ್ಲೂ ಜನಸಂಖ್ಯೆ ಅಥವಾ ತೆರಿಗೆಯ ಲೆಕ್ಕದ ಮೇಲೆ ಸ್ಥಾನ. ಸಣ್ಣ ರಾಜ್ಯಗಳು ಜೂನ್ 15ರಂದು ನ್ಯೂ ಜೆರ್ಸಿ ಯೋಜನೆ ತಂದವು: ರಾಜ್ಯಕ್ಕೊಂದು ಮತ. ತಿಂಗಳು ಹಗ್ಗಜಗ್ಗಾಟ ನಡೆದು ಜುಲೈ 16ರಂದು ರಾಜಿಯಾಯಿತು. ಒಂದು ಸದನ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ಎಲ್ಲ ರಾಜ್ಯಗಳಿಗೂ ಸಮಪಾಲು. ಪರ ಐದು ರಾಜ್ಯ, ವಿರುದ್ಧ ನಾಲ್ಕು. ಮ್ಯಾಸಚೂಸೆಟ್ಸ್ ಸದಸ್ಯರು ಅರ್ಧಕ್ಕರ್ಧ ಒಡೆದು ಅದರ ಮತ ಲೆಕ್ಕಕ್ಕೆ ಬರಲಿಲ್ಲ. ಇಷ್ಟು ಸಣ್ಣ ಅಂತರದ ಮೇಲೆ ಸೆನೆಟ್ ನಿಂತಿದೆ. ಅದೇ ರಾಜಿಯಲ್ಲಿ ಗುಲಾಮರನ್ನು ಐದಕ್ಕೆ ಮೂರರಂತೆ ಎಣಿಸಿ ದಕ್ಷಿಣದ ರಾಜ್ಯಗಳ ಸ್ಥಾನಬಲ ಹೆಚ್ಚಿಸಲಾಯಿತು. ಗುಲಾಮ ಎಂಬ ಪದವನ್ನು ಮಾತ್ರ ಸಂವಿಧಾನದಲ್ಲಿ ಎಲ್ಲೂ ಬಳಸಲಿಲ್ಲ. ಇತರ ವ್ಯಕ್ತಿಗಳು ಎಂದು ಬರೆದು ದಾಟಿಸಿದರು.

ಮಧ್ಯಾಹ್ನದ ಊಟಕ್ಕೆ ಹನ್ನೆರಡನೇ ಬೀದಿಯ ರೀಡಿಂಗ್ ಟರ್ಮಿನಲ್ ಮಾರುಕಟ್ಟೆ ಅನುಕೂಲ. ಸಂಜೆ 30ನೇ ಬೀದಿಯ ಸ್ಟೇಷನ್ನಿನಿಂದ ಆಮ್‌ಟ್ರ್ಯಾಕ್ ರೈಲಿನಲ್ಲಿ ವಾಷಿಂಗ್ಟನ್ ಎರಡು ಗಂಟೆಯ ಹಾದಿ. ಶುಕ್ರವಾರ ಸಂಜೆಯ ಟಿಕೆಟ್ ಹತ್ತಿರ ಬಂದಷ್ಟೂ ದುಬಾರಿ, ವಾರಗಟ್ಟಲೆ ಮೊದಲೇ ಕೊಳ್ಳಿ. ದಾರಿಯಲ್ಲಿ ಓದಲು ಸ್ವಾತಂತ್ರ್ಯ ಘೋಷಣೆಯ ಪ್ರತಿ ಇಟ್ಟುಕೊಳ್ಳಿ. ಎಲ್ಲರೂ ಮೊದಲ ಎರಡು ಪ್ಯಾರಾ ಓದಿ ಬಿಡುತ್ತಾರೆ. ಬ್ರಿಟನ್ನಿನ ರಾಜನ ಮೇಲಿನ 27 ಆರೋಪಗಳಲ್ಲೇ ಮುಂದಿನ ಸಂವಿಧಾನದ ಬೀಜ ಇದೆ: ನ್ಯಾಯಾಧೀಶರ ಸಂಬಳ ರಾಜನ ಕೈಯಲ್ಲಿ, ಸೇನೆ ನಾಗರಿಕ ಅಧಿಕಾರಕ್ಕಿಂತ ಮೇಲೆ, ಒಪ್ಪಿಗೆಯಿಲ್ಲದೆ ತೆರಿಗೆ.

ಮೂರನೇ ದಿನ, ಶನಿವಾರ: ಅನಾಪೊಲಿಸ್

ಈ ದಿನಕ್ಕೂ ನಾಳೆಗೂ ಬಾಡಿಗೆ ಕಾರು ಬೇಕು. ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದರೆ ಬಾಡಿಗೆ ಕೌಂಟರಿನಲ್ಲಿ ತಕರಾರಿಲ್ಲ. ಭಾನುವಾರ ಸಂಜೆ ಕೌಂಟರ್ ಬೇಗ ಮುಚ್ಚಬಹುದು, ಕಾರು ತಿರುಗಿಸುವ ಸಮಯವನ್ನು ಪಡೆಯುವಾಗಲೇ ಕೇಳಿಕೊಳ್ಳಿ.

ವಾಷಿಂಗ್ಟನ್ನಿನಿಂದ 50 ಕಿ.ಮೀ. ಪೂರ್ವಕ್ಕಿರುವ ಅನಾಪೊಲಿಸ್‌ನಲ್ಲಿ ನೋಡಬೇಕಾದ್ದು ಮೇರಿಲ್ಯಾಂಡಿನ ಶಾಸನಸಭಾ ಭವನ. ಉಚಿತ, ಫೋಟೊ ಇರುವ ಗುರುತಿನ ಚೀಟಿ ಸಾಕು. ಹಳೆಯ ಸೆನೆಟ್ ಕೋಣೆಯಲ್ಲಿ 1783ರ ಡಿಸೆಂಬರ್ 23ರಂದು, ಯುದ್ಧ ಗೆದ್ದ ಸೇನಾಪತಿ ವಾಷಿಂಗ್ಟನ್ ಕಾಂಗ್ರೆಸ್ಸಿನ ಮುಂದೆ ನಿಂತು ಹುದ್ದೆಗೆ ರಾಜೀನಾಮೆ ಕೊಟ್ಟರು. ಅಂದು ಅಲ್ಲಿದ್ದ ಸದಸ್ಯರು ಇಪ್ಪತ್ತರಷ್ಟೇ. ಶಿಷ್ಟಾಚಾರ ನಿಗದಿ ಮಾಡಿದ ಸಮಿತಿಯಲ್ಲಿ ಜೆಫರ್ಸನ್ ಇದ್ದರು. ಸದಸ್ಯರು ಟೊಪ್ಪಿ ಹಾಕಿಕೊಂಡೇ ಕೂತಿದ್ದರು. ವಾಷಿಂಗ್ಟನ್ ತಲೆಬಾಗಿದರು. ಸದಸ್ಯರು ಟೊಪ್ಪಿ ಎತ್ತಿದರು, ಬಾಗಲಿಲ್ಲ. ಸಂಬಳ ಕೊಡಲೂ ಕಾಸಿಲ್ಲದ ಸಭೆಯ ಮುಂದೆ ಇಡೀ ಸೇನೆಯ ದಂಡನಾಯಕ ಬಾಗುವುದು, ಸಭೆ ಬಾಗದಿರುವುದು: ಸೇನೆ ಯಾರ ಕೈಕೆಳಗೆ ಎಂಬ ಪ್ರಶ್ನೆಗೆ ಅಮೆರಿಕ ಕೊಟ್ಟ ಉತ್ತರ ಆ ಕೋಣೆಯಲ್ಲಿದೆ. ಅವರು ಓದಿದ ಭಾಷಣದ ಸ್ವಂತ ಪ್ರತಿಯನ್ನು ಗುಮ್ಮಟದ ಕೆಳಗೆ ಇಟ್ಟಿದ್ದಾರೆ. ಅರ್ಧ ದಿನ ಸಾಕು.

ನಾಲ್ಕನೇ ದಿನ, ಭಾನುವಾರ: ಮ್ಯಾಡಿಸನ್ ಓದಿದ ಕೋಣೆ

ಮ್ಯಾಡಿಸನ್ ಅವರ ಮನೆಯಾದ ಮಾಂಟ್‌ಪೀಲಿಯರ್‌ಗೆ ಎರಡು ಗಂಟೆಗೂ ಹೆಚ್ಚು ಕಾರು ಓಡಿಸಬೇಕು. ಆರೆಂಜ್ ಊರು ದಾಟಿ ಹಳ್ಳಿ ರಸ್ತೆ ಹಿಡಿದ ಮೇಲೆ ಮೊಬೈಲ್ ಸಿಗ್ನಲ್ ಕೈಕೊಡಬಹುದು, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮನೆಯೊಳಗೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಆ ಟಿಕೆಟ್ ಮುಂಗಡ ಪಡೆಯುವುದು ಕ್ಷೇಮ.

ಮಹಡಿಯ ಮುಂಭಾಗದಲ್ಲಿ, ದೂರದ ಬ್ಲೂ ರಿಜ್ ಬೆಟ್ಟಗಳಿಗೆ ಮುಖಮಾಡಿದ ಕೋಣೆಯೇ ಗ್ರಂಥಾಲಯ. ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್ ಪೆಟ್ಟಿಗೆಗಟ್ಟಲೆ ಪುಸ್ತಕ ಕಳಿಸಿದ್ದರು. ಮ್ಯಾಡಿಸನ್ ಪ್ರಾಚೀನ ಗ್ರೀಸಿನ ಒಕ್ಕೂಟಗಳಿಂದ ಹಿಡಿದು ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್‌ವರೆಗೆ ಒಂದೊಂದನ್ನೂ ಅಭ್ಯಾಸ ಮಾಡಿ, ಯಾವುದು ಯಾಕೆ ಮುರಿದುಬಿತ್ತು ಎಂದು ಪಟ್ಟಿ ಮಾಡಿದರು.

ಗಣರಾಜ್ಯ ಉಳಿಯಬೇಕಾದರೆ ಸಣ್ಣದಾಗಿರಬೇಕು ಎಂಬುದು ಫ್ರಾನ್ಸಿನ ಮಾಂಟೆಸ್ಕ್ಯೂ ಅವರಿಂದ ಬಂದ ನಂಬಿಕೆ. ಮ್ಯಾಡಿಸನ್ ಅದನ್ನು ತಲೆಕೆಳಗು ಮಾಡಿದರು. 1787ರ ನವೆಂಬರ್ 22ರಂದು ಪತ್ರಿಕೆಯಲ್ಲಿ ಬಂದ, ಹೊಸ ಸಂವಿಧಾನವನ್ನು ಸಮರ್ಥಿಸುವ ಫೆಡರಲಿಸ್ಟ್ ಮಾಲಿಕೆಯ ಹತ್ತನೇ ಲೇಖನದ ವಾದ ಹೀಗಿದೆ: ಜನ ಗುಂಪು ಕಟ್ಟುವುದನ್ನು ತಡೆಯಲಾಗದು, ತಡೆದರೆ ಸ್ವಾತಂತ್ರ್ಯವೇ ಹೋಗುತ್ತದೆ. ನಾಲ್ಕೇ ಮನೆತನದ ಹಳ್ಳಿಯಲ್ಲಿ ಒಂದು ಮನೆತನದವರು ಹೆಚ್ಚಿದ್ದರೆ ಉಳಿದವರಿಗೆ ಪಂಚಾಯ್ತಿಯಲ್ಲಿ ನ್ಯಾಯ ಸಿಗುವುದು ಕಷ್ಟ. ನೂರು ಹಳ್ಳಿ ಸೇರಿದಲ್ಲಿ ಯಾರಿಗೂ ಒಂಟಿಯಾಗಿ ಬಹುಮತ ಸಿಗದು, ಮಾತಾಡಿ ಹೊಂದಿಕೊಳ್ಳಲೇಬೇಕು. ದೇಶ ದೊಡ್ಡದಾದಷ್ಟೂ ಬಹುಮತದ ದಬ್ಬಾಳಿಕೆ ಕಷ್ಟವಾಗುತ್ತದೆ ಎಂಬ ಈ ಲೆಕ್ಕ, ಅಧಿಕಾರವನ್ನು ಮೂರು ಅಂಗಗಳಿಗೆ ಹಂಚಿ ಒಂದರ ಮಹತ್ವಾಕಾಂಕ್ಷೆಯನ್ನು ಇನ್ನೊಂದರಿಂದ ತಡೆಯಬೇಕೆಂಬ 51ನೇ ಲೇಖನದ ಲೆಕ್ಕ, ಇವೆರಡನ್ನೂ ಕೂಡಿಸಿದರೆ ಅಮೆರಿಕದ ಸರ್ಕಾರದ ನಕ್ಷೆ ಪೂರ್ತಿಯಾಗುತ್ತದೆ. ದುಷ್ಟರು ಅಧಿಕಾರಕ್ಕೆ ಬಂದೇ ಬರುತ್ತಾರೆ ಎಂದು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಇದು. ನಮ್ಮ ದೃಷ್ಟಿಯಲ್ಲಿ ಅದರ ದೊಡ್ಡ ಶಕ್ತಿಯೂ ಅದೇ.

ನೆಲಮಾಳಿಗೆಯನ್ನು ಬಿಡಬೇಡಿ. ಅಲ್ಲಿ ಗುಲಾಮರ ಬದುಕಿನ ಪ್ರದರ್ಶನವಿದೆ. ಅವರು ಮಾಡಿದ ಇಟ್ಟಿಗೆಗಳಲ್ಲಿ ಕೆಲವದರ ಮೇಲೆ ಬೆರಳಿನ ಗುರುತುಗಳು ಹಾಗೇ ಸುಟ್ಟು ಗಟ್ಟಿಯಾಗಿವೆ. ಚಿಕ್ಕ ಬೆರಳುಗಳು, ಮಕ್ಕಳವು. ಮ್ಯಾಡಿಸನ್ ತಮ್ಮ ಮರಣಪತ್ರದಲ್ಲೂ ಯಾರನ್ನೂ ಬಿಡುಗಡೆ ಮಾಡಲಿಲ್ಲ.

ಐದನೇ ದಿನ, ಸೋಮವಾರ: ರಾಷ್ಟ್ರೀಯ ದಾಖಲೆ ಭಂಡಾರ (ನ್ಯಾಷನಲ್ ಆರ್ಕೈವ್ಸ್)

ವಾಷಿಂಗ್ಟನ್ನಿನಲ್ಲಿ ಕಾರು ಬೇಡ, ಮೆಟ್ರೊ ಸಾಕು. ದಾಖಲೆ ಭಂಡಾರ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ, ಪ್ರವೇಶ ಉಚಿತ. ಸಮಯ ಕಾದಿರಿಸಿದರೆ 1 ಡಾಲರ್, ಸಾಲು ತಪ್ಪುತ್ತದೆ. ಫೋಟೊ ತೆಗೆಯುವಂತಿಲ್ಲ. ಗುಮ್ಮಟದ ಕೋಣೆ ಮಬ್ಬಾಗಿರುತ್ತದೆ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಎಲ್ಲರೂ ಮೊದಲು ಸ್ವಾತಂತ್ರ್ಯ ಘೋಷಣೆಗೇ ಮುಗಿಬೀಳುತ್ತಾರೆ. ಅದರಲ್ಲಿ ಅಕ್ಷರಗಳು ಬಹುತೇಕ ಮಾಸಿಹೋಗಿವೆ; 1841ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಪೇಟೆಂಟ್ ಕಚೇರಿಯಲ್ಲಿ ಕಿಟಕಿಯ ಬೆಳಕಿಗೆ ಎದುರಾಗಿ ನೇತುಹಾಕಿದ್ದು ದೊಡ್ಡ ಕಾರಣ. ಕೆಳಗೆ ಎಡಮೂಲೆಯಲ್ಲಿ ಯಾರದೋ ಅಂಗೈ ಗುರುತು ಮಸುಕಾಗಿ ಕಾಣುತ್ತದೆ.

ಸಂವಿಧಾನ ನಾಲ್ಕು ದೊಡ್ಡ ಹಾಳೆ, ಮಸಿ ಇನ್ನೂ ಚೆನ್ನಾಗಿದೆ. ಬರೆದುಕೊಟ್ಟ ಗುಮಾಸ್ತ ಜೇಕಬ್ ಶಾಲಸ್‌ಗೆ ಸಿಕ್ಕದ್ದು 30 ಡಾಲರ್. ಕೊನೆಯ ಹಾಳೆಯ ಎಡಗಡೆ ನೋಡಿ: ಎಷ್ಟನೇ ಸಾಲಿನಲ್ಲಿ ಯಾವ ಪದ ಬಿಟ್ಟುಹೋಗಿ ನಡುವೆ ಸೇರಿಸಿದೆ ಎಂಬ ಒಪ್ಪೋಲೆ ಇದೆ. ಸಹಿಗಳ ಪಕ್ಕ ಪೆನ್ಸಿಲ್ವೇನಿಯಾದ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ ಬಿದ್ದಿದೆ. ಮೊದಲ ಹಾಳೆಯ 'ನಾವು, ಜನರು' ಎಂಬ ದಪ್ಪಕ್ಷರಕ್ಕೂ ಹಿನ್ನೆಲೆ ಇದೆ. ಮೊದಲ ಕರಡಿನಲ್ಲಿ ರಾಜ್ಯಗಳ ಹೆಸರುಗಳೇ ಸಾಲಾಗಿ ಇದ್ದವು. ಒಂಬತ್ತು ರಾಜ್ಯ ಒಪ್ಪಿದರೆ ಜಾರಿ ಎಂದು ತೀರ್ಮಾನಿಸಿದ್ದರಿಂದ, ಯಾವ ಒಂಬತ್ತು ಎಂದು ಮೊದಲೇ ಬರೆಯುವಂತಿರಲಿಲ್ಲ. ಗವರ್ನೀರ್ ಮಾರಿಸ್ ಎಂಬ ಪ್ರತಿನಿಧಿ ಅದನ್ನು ತಿದ್ದಿ ಜನರ ಹೆಸರಿನಲ್ಲಿ ಶುರುಮಾಡಿದರು. ತೊಡಕು ನೀಗಲು ಮಾಡಿದ ತಿದ್ದುಪಡಿ ಸಾರ್ವಭೌಮತ್ವದ ಸಿದ್ಧಾಂತವೇ ಆಗಿ ನಿಂತಿತು.

ರಾಜ್ಯಗಳ ಒಪ್ಪಿಗೆಯೇನೂ ಸಲೀಸಾಗಿ ಬರಲಿಲ್ಲ. ವರ್ಜೀನಿಯಾ 89-79, ನ್ಯೂಯಾರ್ಕ್ 30-27, ಕೊನೆಗೆ 1790ರಲ್ಲಿ ರೋಡ್ ಐಲೆಂಡ್ 34-32. ಹಕ್ಕುಗಳ ಮಸೂದೆ ತರುತ್ತೇವೆ ಎಂಬ ಮಾತು ಕೊಟ್ಟಿರದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಆ ಮಸೂದೆಯ ಹಾಳೆಯೂ ಇಲ್ಲೇ ಇದೆ. ಎಣಿಸಿ ನೋಡಿ: ಹತ್ತಲ್ಲ, ಹನ್ನೆರಡು ವಿಧಿಗಳಿವೆ. ಮೊದಲೆರಡನ್ನು ರಾಜ್ಯಗಳು ಆಗ ಒಪ್ಪಲಿಲ್ಲ. ವಾಕ್ ಸ್ವಾತಂತ್ರ್ಯದ ಪ್ರಸಿದ್ಧ ಮೊದಲ ತಿದ್ದುಪಡಿ ಇಲ್ಲಿ ಮೂರನೆಯದು. ಬಿಟ್ಟುಹೋದ ಎರಡನೆಯದು, ಸಂಸದರ ಸಂಬಳದ್ದು, 1992ರಲ್ಲಿ 27ನೇ ತಿದ್ದುಪಡಿಯಾಗಿ ಸೇರಿತು.

ಲಿಂಕನ್ ಸ್ಮಾರಕಕ್ಕೆ ಸಂಜೆ ಹೋಗಿ, ರಾತ್ರಿಯೂ ತೆರೆದಿರುತ್ತದೆ. ದಕ್ಷಿಣದ ಗೋಡೆಯ ಮೇಲೆ 1863ರ ಗೆಟಿಸ್‌ಬರ್ಗ್ ಭಾಷಣವಿದೆ. ಲಿಂಕನ್ ದೇಶದ ಹುಟ್ಟನ್ನು 1787ಕ್ಕಲ್ಲ, 1776ಕ್ಕೆ ಲೆಕ್ಕ ಹಾಕುತ್ತಾರೆ, ಸಮಾನತೆಯ ವಾಕ್ಯವನ್ನೇ ಅಡಿಗಲ್ಲು ಮಾಡುತ್ತಾರೆ. ಆ ವಾಕ್ಯ ಕಾನೂನಾಗಲು 1865, 1868, 1870ರ ಮೂರು ತಿದ್ದುಪಡಿಗಳು, ಹೆಣ್ಣುಮಕ್ಕಳ ಮತಕ್ಕೆ 1920ರದು, ಕಪ್ಪುಜನರ ಮತ ನಿಜವಾಗಿ ಪೆಟ್ಟಿಗೆ ಸೇರಲು 1965ರ ಮತದಾನ ಹಕ್ಕು ಕಾಯ್ದೆ ಬೇಕಾದವು. ಮೆಟ್ಟಿಲುಗಳ ಮೇಲೆ 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಿಂತು ಮಾತಾಡಿದ ಜಾಗವನ್ನು ಕಲ್ಲಿನಲ್ಲಿ ಕೊರೆದು ಗುರುತಿಸಿದ್ದಾರೆ.

ಆರನೇ ದಿನ, ಮಂಗಳವಾರ: ಕ್ಯಾಪಿಟಲ್ ಮತ್ತು ಸುಪ್ರೀಂ ಕೋರ್ಟ್

ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್ ಒಳಗೆ ನೀರು, ತಿಂಡಿ ಏನೂ ಬಿಡುವುದಿಲ್ಲ. ಬಾಟಲಿ ಖಾಲಿ ಇರಲಿ. ವಿದೇಶಿಯರು ಸದನದ ಕಲಾಪ ನೋಡುವ ಗ್ಯಾಲರಿಗೆ ಹೋಗಲು ಸಂದರ್ಶಕ ಕೇಂದ್ರದ ಮೇಲಂತಸ್ತಿನ ಕೌಂಟರುಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ಪಾಸ್ ಕೇಳಬೇಕು. ಮಾಮೂಲಿ ಟೂರ್ ಟಿಕೆಟ್ ಇದ್ದರೆ ಗ್ಯಾಲರಿಗೂ ಬಿಡುತ್ತಾರೆ ಎಂದು ತಿಳಿದು ಹೋದವರು ನಿರಾಶರಾಗುತ್ತಾರೆ. ಪ್ರತಿನಿಧಿ ಸಭೆಯ ಗ್ಯಾಲರಿ ಬಾಗಿಲುಗಳ ಮೇಲೆ ಲೋಕದ 23 ಶಾಸನಕರ್ತರ ಮುಖಗಳಿವೆ. ಸಹಿ ಹಾಕಲು ಒಲ್ಲೆ ಎಂದ ಜಾರ್ಜ್ ಮೇಸನ್ ಅವರಲ್ಲೊಬ್ಬರು. ಸೆನೆಟ್ ನೋಡುವಾಗ 2020ರ ಜನಗಣತಿ ನೆನಪಿರಲಿ: ಕ್ಯಾಲಿಫೋರ್ನಿಯಾ 3.95 ಕೋಟಿ, ವಯೋಮಿಂಗ್ 5.77 ಲಕ್ಷ, ಇಬ್ಬರಿಗೂ ಎರಡೆರಡು ಸ್ಥಾನ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ ಬಂದದ್ದು ಜನಸಂಖ್ಯೆ ನೋಡಿ. ನಮ್ಮವರು ಸೆನೆಟ್ಟಿನ ಈ ಸೂತ್ರವನ್ನು ತೆಗೆದುಕೊಳ್ಳಲಿಲ್ಲ. ಸುರಂಗದಲ್ಲಿ ನಡೆದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಬಹುದು; 1815ರಲ್ಲಿ ಜೆಫರ್ಸನ್ ಮಾರಿದ 6,487 ಸಂಪುಟಗಳ ಸಂಗ್ರಹ ಅಲ್ಲಿನ ಬೇರು.

ಎದುರಿಗೇ ಸುಪ್ರೀಂ ಕೋರ್ಟ್. 1935ರವರೆಗೆ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಕೆಳ ಅಂತಸ್ತಿನಲ್ಲಿ ಕೂತ ಭಂಗಿಯ ಜಾನ್ ಮಾರ್ಷಲ್ ಕಂಚಿನ ಮೂರ್ತಿ ಇದೆ. ಸಂವಿಧಾನಕ್ಕೆ ಹೊಂದದ ಕಾಯ್ದೆಯನ್ನು ನ್ಯಾಯಾಲಯ ತಳ್ಳಿಹಾಕಬಹುದು ಎಂದು 1803ರ ಮಾರ್ಬರಿ ಪ್ರಕರಣದಲ್ಲಿ ತೀರ್ಪಿತ್ತವರು ಅವರು. ವಾದ ನಡೆಯುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಿಗದಿತ ದಿನಗಳಲ್ಲಿ, ಬೆಳಗ್ಗೆ ಹತ್ತಕ್ಕೆ. ಮೊಬೈಲನ್ನು ಲಾಕರಿನಲ್ಲಿ ಇಟ್ಟು ಹೋಗಬೇಕು.

ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಬಂದಾಗ, ಈ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ 5 ಮತ್ತು 14ನೇ ತಿದ್ದುಪಡಿಗಳಲ್ಲಿರುವ, ಕಾನೂನಿನ ನ್ಯಾಯಯುತ ಕ್ರಮವಿಲ್ಲದೆ ಜೀವ, ಸ್ವಾತಂತ್ರ್ಯ ಕಸಿಯಬಾರದೆಂಬ ಮಾತನ್ನು ಭಾರತವೂ ಇಟ್ಟುಕೊಳ್ಳಬೇಕೆ ಎಂಬುದು ಚರ್ಚೆ. ಬೇಡ ಎಂದರು ಫ್ರಾಂಕ್‌ಫರ್ಟರ್. ಅವರ ಭಯಕ್ಕೆ ಆಧಾರವಿತ್ತು: 1905ರ ಲಾಕ್ನರ್ ಪ್ರಕರಣದಲ್ಲಿ ಬೇಕರಿ ಕಾರ್ಮಿಕರಿಗೆ ವಾರಕ್ಕೆ 60 ಗಂಟೆಯ ಮಿತಿ ಹಾಕಿದ ನ್ಯೂಯಾರ್ಕಿನ ಕಾಯ್ದೆಯನ್ನು ಇದೇ ಮಾತಿನ ಬಲದಿಂದ ಕೋರ್ಟು ಹೊಡೆದುಹಾಕಿತ್ತು. ಜನ ಆರಿಸಿದ ಶಾಸನಸಭೆಯನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು ಎಂಬುದು ಅವರ ನಿಲುವು. ರಾಯರು ಅದನ್ನು ಒಪ್ಪಿದರು. ನಮ್ಮ 21ನೇ ವಿಧಿಯಲ್ಲಿ 'ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ' ಎಂಬ ಮಾತು ಬಂತು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಅದನ್ನು ಅಕ್ಷರಶಃ ಓದಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಆ ಪ್ರಕ್ರಿಯೆ ನ್ಯಾಯವಾಗಿಯೂ ಇರಬೇಕು ಎಂದು ಹೇಳಿ, ಫ್ರಾಂಕ್‌ಫರ್ಟರ್ ಬೇಡ ಎಂದ ಜಾಗಕ್ಕೇ ಹತ್ತಿರ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಅದೇ ವಿಧಿಯೊಳಗೆ ಸೇರಿಸಿದರು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.